ಸೀಸೆಯಲ್ಲಿ ಉಳಿದ ಸಕ್ಕರೆ

ಸೂಚನಾ ಫಲಕದಲ್ಲಿ ಆ ಚೀಟಿಯನ್ನು ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದರು. ‘ದ್ರಾವಣ ತಯಾರಿಕೆಯ ಹಿರಿಯ ಸಹಾಯಕಿಯ ಕೈಶುಚಿತ್ವದ ಕೊರತೆಯಿಂದ ಕೋಶಗಳಿಗೆ ಸೋಂಕು ತಗುಲಿರುತ್ತದೆ. ಮುಂದಿನ ಆದೇಶದವರೆಗೆ ಅವರನ್ನು ಗಾಜು ತೊಳೆಯುವ ಕೋಣೆಗೆ ನಿಯೋಜಿಸಲಾಗಿದೆ.’ ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಆ ಮೂರಂತಸ್ತಿನ ಕಟ್ಟಡದಲ್ಲಿ ದ್ರಾವಣ ತಯಾರಿಸುವ ಹಿರಿಯ ಸಹಾಯಕಿ ಅಂತ ಇದ್ದದ್ದು ಒಬ್ಬಳೇ. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸಕ್ಕರೆಯಕ್ಕ ಎಂದು.

ಬೆಳಗ್ಗೆ ಒಂಬತ್ತಕ್ಕೆ ಹಾಜರಿ ಹಾಕಲು ಬಂದ ಸಕ್ಕರೆಯಕ್ಕ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಅಕ್ಕಪಕ್ಕದಲ್ಲಿ ನಿಂತವರು ತಂತಮ್ಮ ಚೀಲದೊಳಗೆ ಏನೋ ಹುಡುಕುವವರ ಹಾಗೆ ಮುಖ ತಗ್ಗಿಸಿದರು. ಅವಳು ತನ್ನ ಎರಡು ಅಂಗೈಗಳನ್ನೂ ಎತ್ತಿ ನೋಡಿಕೊಂಡಳು. ದಿನಕ್ಕೆ ಮೂವತ್ತು ಸಲ ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಆ ಅಂಗೈಗಳ ಗೆರೆಗಳು ಬಿಳಿಚಿಕೊಂಡಿದ್ದವು, ಬೆರಳ ತುದಿ ಬಿರಿದಿತ್ತು. ಹತ್ತೊಂಬತ್ತು ವರ್ಷ ಕೆಲಸ ಮಾಡಿದ ಆ ಕೈ ಈಗ ಕೊಳಕು ಎಂದು ನಾಲ್ಕು ಜನ ಓದುವ ಜಾಗದಲ್ಲಿ ಟೈಪು ಮಾಡಿ ಹಾಕಿದ್ದರು.

ಅವಳು ಆ ಕಟ್ಟಡಕ್ಕೆ ಬಂದದ್ದೇ ಗಾಜು ತೊಳೆಯುವವಳಾಗಿ. ಅಲ್ಲಿ ಬೆಳೆಯುತ್ತಿದ್ದದ್ದು ಒಂದು ಬಳ್ಳಿಯ ಜೀವಕೋಶಗಳು. ಬಳ್ಳಿಗೆ ಎಲೆ, ಬೇರು, ಮಣ್ಣು ಯಾವುದೂ ಇಲ್ಲ; ಗಾಜಿನ ಸೀಸೆಯೊಳಗೆ ನೀರು, ಲವಣ, ಸಕ್ಕರೆ ಬೆರೆಸಿದ ದ್ರಾವಣದಲ್ಲಿ ಬರೀ ಕೋಶಗಳು, ಮರಳಿನ ಹಾಗೆ ತೇಲುತ್ತ, ಯಂತ್ರದ ಮೇಲೆ ಹಗಲಿರುಳೂ ಅಲುಗಾಡುತ್ತ ಬೆಳೆಯುತ್ತಿದ್ದವು. ಚೆನ್ನಾಗಿ ತಿಂದು ಬಲಿತ ಮೇಲೆ ಅವು ಕೆಂಪು ಸತ್ವವನ್ನು ಕೊಡುತ್ತಿದ್ದವು. ಅದು ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿಗೆ ಹೋಗುತ್ತಿತ್ತು. ಸೀಸೆಯಲ್ಲಿ ಬೆಳೆದದ್ದನ್ನು ಆಮೇಲೆ ಆಳೆತ್ತರದ ಟ್ಯಾಂಕಿಗೆ ಬಿಡುತ್ತಿದ್ದರು.

ಆಗ ಪ್ರಯೋಗಾಲಯ ನಡೆಸುತ್ತಿದ್ದವರು ಒಬ್ಬ ಹಿರಿಯ ಮೇಡಂ. ಮಾತು ಕಡಿಮೆ, ಕಣ್ಣು ಚುರುಕು. ಇವಳು ತೊಳೆದ ಸೀಸೆಗಳಲ್ಲಿ ಮಾತ್ರ ಕೋಶ ಸಾಯುವುದಿಲ್ಲ ಎಂಬುದನ್ನು ಆರು ತಿಂಗಳಲ್ಲಿ ಗಮನಿಸಿದವರು ಅವರೇ. ಕರೆದು ದ್ರಾವಣ ಬೆರೆಸುವುದನ್ನು ಕಲಿಸಿದರು. ಲೀಟರಿಗೆ ಮೂವತ್ತು ಗ್ರಾಂ ಸಕ್ಕರೆ, ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ದಿನವೂ ಚೀಲಗಟ್ಟಲೆ ಸಕ್ಕರೆ ತೂಗಿ ತೂಗಿ ಅವಳಿಗೆ ಆ ಹೆಸರು ಅಂಟಿಕೊಂಡಿತು. ಮನೆಯಲ್ಲಿ ಅತ್ತೆ ಮಾತ್ರ, “ಊರಿಗೆಲ್ಲ ಸಕ್ಕರೆ, ನನ್ನ ಕಾಫಿಗೆ ಒಂದು ಚಮಚ ಹಾಕೋಕೆ ಕೈ ನಡುಗುತ್ತೆ ಇವಳಿಗೆ” ಎಂದು ಆಡಿಕೊಳ್ಳುತ್ತಿದ್ದಳು. ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು, ಅದಕ್ಕೆ.

ಒಂದು ದಿನ ಸಕ್ಕರೆಯಕ್ಕ ಮೇಡಂ ಹತ್ತಿರ ಹೋಗಿ, ಹುಳಿ ಅಳೆಯುವ ಪಿಎಚ್ ಮೀಟರು ಕೆಟ್ಟಿದೆ ಅಂದಳು. ಹಸಿದ ಕೋಶಗಳಿರುವ ಸೀಸೆಗೆ ಸಕ್ಕರೆ ಹಾಕಿದ ಕೂಡಲೇ ಮುಳ್ಳು ಸರಕ್ಕನೆ ಮೇಲೇರುತ್ತದೆ, ಅರ್ಧ ಗಂಟೆಯಲ್ಲಿ ಮೆಲ್ಲಗೆ ಇಳಿಯುತ್ತದೆ. ಸಕ್ಕರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಮುಳ್ಳು ಯಾಕೆ ಏರಬೇಕು?

ಮೇಡಂ ನಕ್ಕರು. “ಮೀಟರು ಸರಿಯಾಗಿದೆ. ನೀನೀಗ ನೋಡಿದ್ದು ಅವು ಊಟ ಮಾಡೋದನ್ನ” ಎಂದು ಕುರ್ಚಿ ಎಳೆದು ಕೂರಿಸಿ ಹೇಳಿದರು. “ಕೋಶದ ಸುತ್ತ ಕೊಬ್ಬಿನ ಪೊರೆ ಇರುತ್ತೆ. ಸಕ್ಕರೆ ನೀರಿಗೆ ಸೇರಿದ್ದು, ಕೊಬ್ಬನ್ನ ತಾನಾಗಿ ದಾಟಲ್ಲ. ಅದಕ್ಕೇ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಬೇರೆ ಒಂದು ಪ್ರೋಟೀನು ಪಂಪಿನ ಥರ ಕೆಲಸ ಮಾಡಿ ಹುಳಿ ಕಣಗಳನ್ನ ಹೊರಗೆ ತಳ್ತಾನೇ ಇರುತ್ತೆ. ಪ್ರೋಟಾನು ಅಂತಾರಲ್ಲ, ಅವು. ಹೊರಗೆ ಹುಳಿ ಜಾಸ್ತಿ, ಒಳಗೆ ಕಡಿಮೆ. ಹೊರಗಿನವು ಮತ್ತೆ ಒಳಗೆ ಬರೋಕೆ ನೋಡ್ತವೆ. ಬಾಗಿಲಿನ ಪ್ರೋಟೀನು ಒಂದು ಹುಳಿ ಕಣದ ಜೊತೆ ಒಂದು ಸಕ್ಕರೆ ಕಣವನ್ನೂ ಹಿಡಿದು, ತಾನು ಆಚೆಯಿಂದ ಈಚೆಗೆ ತಿರುಗಿ, ಎರಡನ್ನೂ ಒಳಗೆ ಬಿಡುತ್ತೆ. ಹುಳಿ ಒಳಗೆ ಹೋಯ್ತು ಅಂದ್ರೆ ಹೊರಗೆ ಹುಳಿ ಕಡಿಮೆ ಆಯ್ತು. ಈ ಮೀಟರಲ್ಲಿ ಹುಳಿ ಕಡಿಮೆಯಾದಷ್ಟೂ ಅಂಕಿ ಜಾಸ್ತಿ. ಮುಳ್ಳು ಏರ್ತು. ಆಮೇಲೆ ಪಂಪು ಮತ್ತೆ ತಳ್ಳುತ್ತೆ, ಮುಳ್ಳು ಇಳಿಯುತ್ತೆ.”

“ಹೊರಗೆ ಹುಳಿ ಇಲ್ದಿದ್ರೆ?”

“ಇಲ್ದಿದ್ರೆ ಸಕ್ಕರೆ ಸುತ್ತ ತುಂಬಿದ್ರೂ ಉಪವಾಸ. ದ್ರಾವಣ ಐದು ಮುಕ್ಕಾಲಿನ ಹತ್ತಿರ ಇಡು ಅಂತ ನಾನು ಬಡ್ಕೊಳ್ಳೋದು ಸುಮ್ನೆ ಅಲ್ಲ.”

ಸಕ್ಕರೆಯಕ್ಕನ ಓದು ಹತ್ತನೇ ತರಗತಿಗೆ ನಿಂತಿತ್ತು. ಆದರೆ ಅರ್ಥವಾದ ಮಾತನ್ನು ಅವಳು ಬಿಡುವವಳಲ್ಲ. ಅಂದಿನಿಂದ ಮುಳ್ಳು ಏರುವುದನ್ನು ನೋಡದೆ ಯಾವ ಸೀಸೆಯನ್ನೂ ಟ್ಯಾಂಕಿಗೆ ಕಳಿಸುತ್ತಿರಲಿಲ್ಲ. ಏರಲಿಲ್ಲ ಎಂದರೆ ಕೋಶಕ್ಕೆ ಮೈ ಸರಿಯಿಲ್ಲ ಎಂದೇ ಲೆಕ್ಕ.

ಮೇಡಂ ನಿವೃತ್ತರಾಗಿ ದೂರದ ಊರಿನ ತಂಗಿಯ ಮನೆಗೆ ಹೋದರು. ಅವರ ಕುರ್ಚಿಗೆ ಬಂದ ವ್ಯವಸ್ಥಾಪಕರು ಅದುವರೆಗೆ ಪ್ರಾಣಿಗಳ ಜೀವಕೋಶ ಬೆಳೆಸುವ ಕಾರ್ಖಾನೆಯಲ್ಲಿದ್ದವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ಮಾತು. ಅವರಿಗೆ ಏರಿಳಿತ ಕಂಡರೆ ಆಗುತ್ತಿರಲಿಲ್ಲ. ಪರದೆಯ ಮೇಲಿನ ಗೆರೆ ಎಲ್ಲಿ ಸ್ವಲ್ಪ ಕುಣಿದರೂ, “ಇದ್ಯಾಕೆ ಸಪಾಟಾಗಿಲ್ಲ?” ಎಂದು ಕೇಳುತ್ತಿದ್ದರು. ವಾರ ಕಳೆಯುವುದರೊಳಗೆ ಅವರಿಗೆ ಸಪಾಟು ಸಾರ್ ಎಂಬ ಹೆಸರು ಬಿದ್ದಿತ್ತು.

ಟ್ಯಾಂಕಿಗೆ ಸಕ್ಕರೆ ಬಿಟ್ಟಾಗಲೆಲ್ಲ ಪಿಎಚ್ ಗೆರೆ ಗುಡ್ಡದ ಹಾಗೆ ಏಳುವುದು ಅವರ ಕಣ್ಣಿಗೆ ಬಿತ್ತು. ಸಕ್ಕರೆಯಕ್ಕನನ್ನು ಕರೆಸಿದರು.

“ಇವತ್ತಿನಿಂದ ದ್ರಾವಣಕ್ಕೆ ಈ ಬಫರು ಹಾಕಿ, ಪಿಎಚ್ ಏರಿಳಿಯದಂತೆ ಹಿಡಿದಿಡುತ್ತೆ. ಗೆರೆ ಅಲುಗಾಡಬಾರದು. ಏಳು ಪಾಯಿಂಟ್ ನಾಲ್ಕಕ್ಕೆ ನಿಲ್ಲಿಸಿ.”

“ಸಾರ್, ಅಷ್ಟಕ್ಕೆ ನಿಲ್ಲಿಸಿದ್ರೆ ಹುಳೀನೇ ಇರಲ್ಲ. ಇವಕ್ಕೆ ಹುಳಿ ಬೇಕು. ಅದರ ಜೊತೆಗೇ ಸಕ್ಕರೆ ಒಳಗೆ ಹೋಗೋದು.”

“ಯಾರು ಹೇಳಿದ್ದು?”

“ಹಿಂದಿನ ಮೇಡಂ ಹೇಳಿದ್ರು. ನಾನೂ ದಿನಾ ನೋಡ್ತಿದ್ದೀನಿ. ಆ ಗುಡ್ಡ ಇದೆಯಲ್ಲ ಸಾರ್, ಅದು ಅವು ತಿನ್ನೋ ಗುರುತು.”

ಸಪಾಟು ಸಾರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನೋಡಮ್ಮ, ನಾನು ಇಪ್ಪತ್ತು ವರ್ಷ ಕೋಶ ಬೆಳೆಸಿದೀನಿ. ಕೋಶ ಅಂದ್ರೆ ಕೋಶ. ನಿಮಗೆ ತೂಗೋ ಕೆಲಸ ಕೊಟ್ಟಿದಾರೆ, ತೂಗಿ.”

ಅವಳ ಕಿವಿ ಬಿಸಿಯಾಯಿತು. ಆದರೂ ಹೇಳಿದ್ದನ್ನು ಮಾಡಿದಳು. ಮಾಡದಿದ್ದರೆ ಆ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುತ್ತಿದ್ದರು, ಅಷ್ಟೇ. ಆದರೆ ಅವತ್ತೇ ಇನ್ನೊಂದು ಕೆಲಸವನ್ನೂ ಮಾಡಿದಳು. ಹಳೆಯ ದ್ರಾವಣದಲ್ಲಿ ಆರು ಸೀಸೆ ಕೋಶ ಎತ್ತಿಟ್ಟು, ಮೇಲಿನ ಅಂತಸ್ತಿನ ಮಾಪನ ಕೋಣೆಯ ಅಲುಗಾಡುವ ಯಂತ್ರದ ಮೇಲೆ ಕೂರಿಸಿದಳು. ಕದ್ದುಮುಚ್ಚಿ ಅಲ್ಲ. ರಿಜಿಸ್ಟರಿನಲ್ಲಿ ತಾರೀಖು ಹಾಕಿ ‘ಹಳೆಯ ದ್ರಾವಣ, ಆರು ಸೀಸೆ, ಮಾಪನ ಕೋಣೆಯಲ್ಲಿ ಇಟ್ಟಿದೆ; ಹೊಸ ದ್ರಾವಣದ ಬಗ್ಗೆ ನನ್ನ ಒಪ್ಪಿಗೆ ಇಲ್ಲ’ ಎಂದು ದುಂಡಗೆ ಬರೆದಳು. ಸಂಜೆ ರಿಜಿಸ್ಟರು ಸಪಾಟು ಸಾರ್ ಮೇಜಿಗೆ ಹೋಯಿತು. ಮರುದಿನ ಪುಟದ ಕೆಳಗೆ ಅವರ ಸಹಿಯೊಂದಿಗೆ ವಾಪಸು ಬಂತು. ಓದಿದ್ದರೋ ಇಲ್ಲವೋ ಅದು ಅವರಿಗೇ ಗೊತ್ತು. ತೂಗುವವಳ ಅಕ್ಷರವನ್ನು ಯಾರು ಓದುತ್ತಾರೆ?

ಗೆರೆ ಸಪಾಟಾಯಿತು. ಸಪಾಟು ಸಾರ್ ಅದನ್ನು ಬಣ್ಣದಲ್ಲಿ ಮುದ್ರಿಸಿ ಗೋಡೆಗೆ ಹಾಕಿಸಿದರು.

ಮೂರು ವಾರಕ್ಕೆ ಕೋಶಗಳು ಪೇಲವವಾದವು. ಕೆಂಪು ಮೂಡಲಿಲ್ಲ. ಮರಳಿನಂತೆ ತೇಲುತ್ತಿದ್ದ ಅವು ಕಂದು ಬಣ್ಣಕ್ಕೆ ತಿರುಗಿ ತಳ ಹಿಡಿದವು. ಟ್ಯಾಂಕು ನಿಲ್ಲಿಸಬೇಕಾಯಿತು. ಮುಲಾಮು ಮಾಡುವವರಿಂದ ದಿನಕ್ಕೆರಡು ಸಲ ಫೋನು ಬರತೊಡಗಿತು. ಯಾರಾದರೂ ತಪ್ಪಿತಸ್ಥರು ಬೇಕಿತ್ತು. ಹುಡುಕಲು ಸಪಾಟು ಸಾರ್ ದೂರ ಹೋಗಲಿಲ್ಲ. ಒಂದೇ ಒಂದು ಪರೀಕ್ಷೆ ಕೂಡ ಮಾಡಿಸದೆ, ಸೋಂಕು ಎಂದು ಬರೆದು ಚೀಟಿ ಟೈಪು ಮಾಡಿಸಿದರು.

ಅವತ್ತು ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಗಂಡ ಬಸ್ಸು ಓಡಿಸುವವನು, ಆಗಷ್ಟೇ ಪಾಳಿ ಮುಗಿಸಿ ಬಂದು ಕಾಲು ನೀಡಿ ಕೂತಿದ್ದ. ವಿಷಯ ಕೇಳಿ, “ಬಿಡು, ಸಂಬಳ ಅಂತೂ ಕಟ್ಟಾಗಿಲ್ಲವಲ್ಲ. ಎರಡು ತಿಂಗಳು ಹೋದ್ರೆ ಎಲ್ಲ ತಣ್ಣಗಾಗುತ್ತೆ” ಅಂದ.

“ನಾಳೆ ನಿಮ್ಮ ಬಸ್ಸಿನ ಬ್ರೇಕನ್ನ ಬೇರೆಯವರು ಬಿಚ್ಚಿ ಹಾಕಿ, ಗುದ್ದಿದ ಮೇಲೆ ಡ್ರೈವರು ಕುಡಿದಿದ್ದ ಅಂತ ಬೋರ್ಡಲ್ಲಿ ಬರೆದ್ರೆ ಬಿಡ್ತೀರಾ?”

ಅವನು ಎದ್ದು ಟವೆಲು ಹುಡುಕತೊಡಗಿದ.

ಕೋಣೆಯೊಳಗಿಂದ ಅತ್ತೆ ಕೂಗಿ ಹೇಳಿದಳು. “ಅವನನ್ನ ಏನು ಕೇಳ್ತೀಯೆ? ಜಗಳ ಅಂದ್ರೆ ಅವನು ಹುಟ್ಟಿದಾಗಿನಿಂದ ಓಡಿಹೋಗ್ತಾನೆ. ನೀನು ಸುಮ್ನೆ ಇರಬೇಡ. ನಲವತ್ತು ವರ್ಷ ನಾನು ಸುಮ್ನಿದ್ದು ನೋಡಿದೀನಿ, ಏನೂ ಗಿಟ್ಟಲ್ಲ.”

ಗಾಜು ತೊಳೆಯುವ ಕೋಣೆ ಕೆಳಗಿನ ಅಂತಸ್ತಿನ ಕೊನೆಯಲ್ಲಿತ್ತು. ಉದ್ದನೆಯ ಕಲ್ಲಿನ ತೊಟ್ಟಿ, ಮೂರು ನಲ್ಲಿ, ಸೋಪಿನ ವಾಸನೆ. ಹತ್ತೊಂಬತ್ತು ವರ್ಷದ ಹಿಂದೆ ನಿಂತಿದ್ದ ಅದೇ ನಲ್ಲಿಯ ಮುಂದೆ ಮತ್ತೆ ನಿಂತಾಗ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಸತ್ತ ಕೋಶಗಳ ಸೀಸೆಗಳನ್ನು ಆವಿಯಲ್ಲಿ ಬೇಯಿಸಿ, ಚೆಲ್ಲಿ, ಬುಟ್ಟಿಗಟ್ಟಲೆ ತಂದು ಅವಳ ಮುಂದೆ ಇಡುತ್ತಿದ್ದರು. ಅವಳು ಉಜ್ಜುತ್ತಿದ್ದಳು. ಸಿಟ್ಟೆಲ್ಲ ಬ್ರಷ್ಷಿಗೆ ಹೋಗುತ್ತಿತ್ತು.

ಎರಡನೆಯ ದಿನ ಒಂದು ಸೀಸೆಯನ್ನು ಎತ್ತಿಕೊಂಡರೆ ಅದು ಬೆರಳಿಗೆ ಅಂಟಿತು. ಇನ್ನೊಂದು ಎತ್ತಿದಳು, ಅದೂ ಅಂಟು. ಕತ್ತಿನ ಹತ್ತಿರ ಒಣಗಿದ ದ್ರಾವಣ ಪಾಕದ ಹಾಗೆ ಮಿರುಗುತ್ತಿತ್ತು. ಅವಳ ಕೈ ನಿಂತಿತು. ಹಿಂದೆ ತೊಳೆಯುವಾಗ ಹೀಗಿರಲಿಲ್ಲ. ಕೋಶ ತಿಂದು ಮುಗಿಸಿದ ಸೀಸೆ ಬರೀ ನೀರಿಗೇ ಸ್ವಚ್ಛವಾಗುತ್ತಿತ್ತು. ಇವುಗಳಲ್ಲಿ ಕೋಶಗಳು ಮೂರು ವಾರ ಸಕ್ಕರೆಯೊಳಗೆ ತೇಲಿವೆ, ಸಕ್ಕರೆ ಹಾಗೇ ಉಳಿದಿದೆ. ಅಂದರೆ ತಿಂದೇ ಇಲ್ಲ.

ಆ ಕ್ಷಣಕ್ಕೇ ಇನ್ನೊಂದು ಹೊಳೆಯಿತು. ಸೋಂಕು ಅಂದರೆ ರೋಗಾಣು, ಬೂಷ್ಟು. ಅವಕ್ಕೆ ಸಕ್ಕರೆ ಸಿಕ್ಕರೆ ಮೂರು ದಿನಕ್ಕೆ ನೆಕ್ಕಿ ಖಾಲಿ ಮಾಡಿಬಿಡುತ್ತವೆ, ಸೀಸೆ ಹಾಲಿನಂತೆ ಕದಡುತ್ತದೆ, ಹತ್ತಿರ ಹೋಗಲಾಗದಂತೆ ನಾರುತ್ತದೆ. ನಿಜವಾಗಿ ಅವಳ ಕೈ ಕೊಳಕಾಗಿದ್ದರೆ ಈ ಸಕ್ಕರೆ ಉಳಿಯುತ್ತಲೇ ಇರಲಿಲ್ಲ.

ಕೈ ಒರೆಸಿಕೊಂಡು ಅವಳು ಸೀದಾ ಮಾಪನ ಕೋಣೆಗೆ ಹತ್ತಿದಳು. ಅಲ್ಲಿನ ಅಳತೆಗಾರ ನಿಧಾನಸ್ಥ, ಯಾರ ಪರವೂ ಅಲ್ಲದವನು. ಅಂಕಿ ಬಿಟ್ಟು ಬೇರೆ ಯಾವುದನ್ನೂ ನಂಬದವನು.

“ಇನ್ನೂ ಚೆಲ್ಲದೇ ಇರೋ ಸತ್ತ ಸೀಸೆ ಎಷ್ಟಿವೆ?”

“ಹದಿನೆಂಟು. ಯಾಕಕ್ಕ?”

“ಒಂದೊಂದರಿಂದ ಒಂದು ಹನಿ ತೆಗೆದು ಸಕ್ಕರೆ ನೋಡಿ. ಹಾಗೇ ಸೂಕ್ಷ್ಮದರ್ಶಕದಲ್ಲೂ ನೋಡಿ, ರೋಗಾಣು ಇದೆಯಾ ಅಂತ. ನನ್ನ ಆರು ಸೀಸೆಯಲ್ಲೂ ನೋಡಿ. ನಾನು ಯಾವುದನ್ನೂ ಮುಟ್ಟಲ್ಲ. ನಿಮ್ಮ ಕೈ ಶುದ್ಧ ಅಂತ ಎಲ್ಲರೂ ಒಪ್ತಾರೆ.”

ಕೊನೆಯ ಮಾತಿನ ಮೊನೆ ಅವನಿಗೆ ತಾಗಿತು. ಕೆಲಸಕ್ಕೆ ಕೂತ. ಸಂಜೆಯೊಳಗೆ ಅಂಕಿ ಬಂತು. ಸತ್ತ ಹದಿನೆಂಟರಲ್ಲಿ ಹಾಕಿದ ಸಕ್ಕರೆಯ ಹತ್ತು ಪಾಲಿನಲ್ಲಿ ಒಂಬತ್ತು ಹಾಗೇ ಇತ್ತು. ಒಂದರಲ್ಲೂ ರೋಗಾಣು ಇಲ್ಲ. ಅವಳ ಆರು ಸೀಸೆಯಲ್ಲಿ ಸಕ್ಕರೆ ಮುಗಿದಿತ್ತು. ಕೋಶ ದಪ್ಪಗೆ, ಕೆಂಪಗೆ ತುಂಬಿಕೊಂಡಿತ್ತು.

ಅಳತೆಗಾರ ಹಾಳೆಯನ್ನು ಅವಳ ಕಡೆ ತಳ್ಳಿದ. “ಇದನ್ನ ಯಾರಾದರೂ ಮೊದಲೇ ಕೇಳಿದ್ರೆ ಒಂದು ಗಂಟೆ ಕೆಲಸ.”

“ಕೇಳೋಕೆ ಅವರಿಗೆ ಪುರುಸೊತ್ತಿರಲಿಲ್ಲ. ಚೀಟಿ ಟೈಪು ಮಾಡಿಸ್ತಿದ್ರು.”

ಸಂಸ್ಥೆಯ ನಿರ್ದೇಶಕಿ ತಿಂಗಳಿಗೊಮ್ಮೆ ಬರುತ್ತಿದ್ದರು. ಆ ಗುರುವಾರ ಅವರು ಸಪಾಟು ಸಾರ್ ಜೊತೆ ಕೂತಿದ್ದಾಗ ಸಕ್ಕರೆಯಕ್ಕ ಬಾಗಿಲು ತಟ್ಟಿ ಒಳಗೆ ಬಂದಳು. ಒಂದು ಕೈಯಲ್ಲಿ ಕಂದು ಸೀಸೆ, ಇನ್ನೊಂದು ಕೈಯಲ್ಲಿ ಕೆಂಪು ಸೀಸೆ, ಕಂಕುಳಲ್ಲಿ ರಿಜಿಸ್ಟರು.

ಸಪಾಟು ಸಾರ್ ಎದ್ದೇ ನಿಂತರು. “ನಿಮ್ಮನ್ನ ಇಲ್ಲಿಗೆ ಕರೆದವರು ಯಾರು? ಆ ಕೆಂಪು ಸೀಸೆ ಎಲ್ಲಿಂದ ಬಂತು? ಸಂಸ್ಥೆಯ ಕೋಶಗಳನ್ನ ಬಚ್ಚಿಟ್ಟಿದ್ರಾ?”

“ಬಚ್ಚಿಟ್ಟಿಲ್ಲ ಸಾರ್. ನೀವೇ ಸಹಿ ಹಾಕಿದೀರಿ.” ಅವಳು ಸೀಸೆಗಳನ್ನು ಇಳಿಸಿ, ರಿಜಿಸ್ಟರು ಬಿಡಿಸಿ ಮೇಜಿನ ಮೇಲಿಟ್ಟಳು.

ನಿರ್ದೇಶಕಿ ಕನ್ನಡಕ ಹಾಕಿಕೊಂಡು ಆ ಪುಟ ಓದಿದರು. ಆಮೇಲೆ ಅದರೊಳಗಿದ್ದ ಅಳತೆಗಾರನ ಹಾಳೆ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಗಂಟಿಕ್ಕಿತು. “ಸಕ್ಕರೆ ಇದ್ದೂ ಯಾಕೆ ತಿಂದಿಲ್ಲ?”

ಸಪಾಟು ಸಾರ್, “ಮೇಡಂ, ಅದು ಸಂಕೀರ್ಣವಾದ ವಿಷಯ, ಇವರಿಗೆ...” ಎಂದು ಶುರು ಮಾಡಿದರು.

“ನಾನು ಕೇಳಿದ್ದು ಅವರನ್ನ” ಅಂದರು ನಿರ್ದೇಶಕಿ.

ಸಕ್ಕರೆಯಕ್ಕನ ಮಾತು ತಡವರಿಸಲಿಲ್ಲ. ಪೊರೆ, ಬಾಗಿಲಿನ ಪ್ರೋಟೀನು, ಹೊರಗೆ ತಳ್ಳುವ ಪಂಪು, ಹುಳಿಯ ಜೊತೆ ಒಳಗೆ ಬರುವ ಸಕ್ಕರೆ, ಎಲ್ಲವನ್ನೂ ಹಿಂದಿನ ಮೇಡಂ ತನಗೆ ಹೇಳಿದಂತೆಯೇ ಹೇಳಿದಳು. “ಹೊಸ ದ್ರಾವಣದಲ್ಲಿ ಹೊರಗಡೆ ಹುಳಿ ಇಲ್ಲ. ಪಂಪು ಎಷ್ಟೇ ತಳ್ಳಲಿ, ಬಫರು ನುಂಗಿ ಹಾಕುತ್ತೆ. ಸಕ್ಕರೆಯನ್ನ ಒಳಗೆ ಎಳ್ಕೊಳ್ಳೋ ಬಲವೇ ಇಲ್ಲ. ಬಾಯಿಮಾತು ಬೇಡ ಮೇಡಂ. ಮೀಟರು ಇದೆ, ನೋಡಿ.”

ಪ್ರಯೋಗಾಲಯಕ್ಕೆ ಇಳಿದರು. ಅಳತೆಗಾರ ಕೆಂಪು ಕೋಶಗಳನ್ನು ಎರಡು ಪಾಲು ಮಾಡಿ, ಒಂದನ್ನು ಹಳೆಯ ದ್ರಾವಣದಲ್ಲಿ, ಇನ್ನೊಂದನ್ನು ಹೊಸದರಲ್ಲಿ ಇಟ್ಟ. ಎರಡರಲ್ಲೂ ಸಕ್ಕರೆ ಇರಲಿಲ್ಲ. ಗಂಟೆ ಹೊತ್ತು ಹಸಿವಿಗೆ ಬಿಟ್ಟು, ಎರಡಕ್ಕೂ ಒಂದೇ ಅಳತೆಯ ಗ್ಲೂಕೋಸು ಸಕ್ಕರೆ ಹಾಕಿದ. ಹಳೆಯದರ ಮುಳ್ಳು ಎರಡು ನಿಮಿಷದಲ್ಲಿ ಏರಿತು. ಹೊಸದರದು ಅಲುಗಲಿಲ್ಲ.

ಸಪಾಟು ಸಾರ್, “ಬಫರು ಇದ್ರೆ ಮುಳ್ಳು ಏರಲ್ಲ, ಅದು ಬಫರಿನ ಗುಣ. ಒಳಗೆ ಸಕ್ಕರೆ ಹೋಗಿರಬಹುದು” ಅಂದರು. ಮಾತು ತಪ್ಪಲ್ಲ.

“ಹೌದು, ಹಾಗಿರಬಹುದು” ಸಕ್ಕರೆಯಕ್ಕ ಒಪ್ಪಿಕೊಂಡಳು. “ಅದಕ್ಕೇ ಮಧ್ಯಾಹ್ನ ಮೇಲೆ ಎರಡರಲ್ಲೂ ಉಳಿದಿರೋ ಗ್ಲೂಕೋಸು ಅಳೀಲಿ.”

ಅಳೆದರು. ಹಳೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ಹೊಸದರಲ್ಲಿ ಕಡಿಮೆಯಾಗಿದ್ದದ್ದು ಚೂರುಪಾರು. ಸಪಾಟು ಸಾರ್ ಕಿಟಕಿಯ ಕಡೆ ತಿರುಗಿ ನಿಂತರು. ನಿರ್ದೇಶಕಿ ಅಲ್ಲೇ ಹಳೆಯ ದ್ರಾವಣಕ್ಕೆ ಮರಳಲು ಆದೇಶ ಬರೆದರು. ಆ ಆರು ಸೀಸೆಗಳಿಂದಲೇ ಮತ್ತೆ ಎಲ್ಲ ಕೋಶಗಳನ್ನೂ ಬೆಳೆಸಬೇಕಿತ್ತು. ಅವು ಬಿಟ್ಟರೆ ಆ ಬಳ್ಳಿಯ ಕೋಶ ಬೇರೆಲ್ಲೂ ಉಳಿದಿರಲಿಲ್ಲ.

ಇಲ್ಲಿಗೆ ಎಲ್ಲವೂ ಸರಿಹೋಯಿತು ಎಂದುಕೊಂಡರೆ ಅದು ತಪ್ಪು. ಸೋಮವಾರ ಹೊಸ ಚೀಟಿ ಬಂತು. ‘ದ್ರಾವಣದ ಆಮ್ಲತೆಯಲ್ಲಿನ ದೋಷವನ್ನು ತಾಂತ್ರಿಕ ತಂಡವು ಪತ್ತೆಹಚ್ಚಿ ಸರಿಪಡಿಸಿದೆ. ಹಿರಿಯ ಸಹಾಯಕಿ ತಮ್ಮ ಸ್ಥಾನಕ್ಕೆ ಮರಳತಕ್ಕದ್ದು.’ ಅದರ ಪಕ್ಕದಲ್ಲೇ ಹಳೆಯ ಚೀಟಿ ನಾಲ್ಕೂ ಪಿನ್ನಿನೊಂದಿಗೆ ಹಾಗೇ ಇತ್ತು.

ಸಕ್ಕರೆಯಕ್ಕ ಮರಳಲಿಲ್ಲ. ತೊಳೆಯುವ ಕೋಣೆಗೇ ಹೋಗಿ ನಲ್ಲಿ ತಿರುಗಿಸಿದಳು. ಸಪಾಟು ಸಾರ್ ಹೇಳಿಕಳಿಸಿದರು, ಹೋಗಲಿಲ್ಲ. ಕೊನೆಗೆ ಅವರೇ ಇಳಿದು ಬಂದು, ಒದ್ದೆ ನೆಲದಲ್ಲಿ ಬೂಟು ನೆನೆಯದಂತೆ ಬಾಗಿಲಲ್ಲೇ ನಿಂತರು.

“ಏನ್ರೀ ಇದು? ನಿಮ್ಮ ಕೆಲಸ ವಾಪಸು ಕೊಟ್ಟಿದೀವಲ್ಲ.”

“ನನ್ನ ಕೈ ಕೊಳಕು ಅಂತ ಇನ್ನೂ ಗೋಡೆ ಮೇಲಿದೆ. ಕೊಳಕು ಕೈಯಲ್ಲಿ ದ್ರಾವಣ ಮಾಡೋದು ಹೇಗೆ ಸಾರ್?”

“ಅದನ್ನ ತೆಗೆಸ್ತೀನಿ, ಬನ್ನಿ.”

“ತೆಗೆದ್ರೆ ಸಾಲದು. ಓದಿದವರ ತಲೆಯಿಂದ ಪಿನ್ನು ಕೀಳೋಕಾಗುತ್ತಾ? ತಪ್ಪಾಗಿ ಬರೆದಿದ್ವಿ, ಸೋಂಕು ಇರಲಿಲ್ಲ ಅಂತ ಬರೆದು, ನಿಮ್ಮ ಸಹಿ ಹಾಕಿ, ಅಲ್ಲೇ ಹಾಕಿ. ಅವತ್ತು ಬರ್ತೀನಿ.”

ಅವರು ಹಠಮಾರಿ ಎಂದರು, ಶಿಸ್ತುಕ್ರಮ ಎಂದರು. ಅವಳು ಸೀಸೆ ಉಜ್ಜುತ್ತಲೇ ಇದ್ದಳು. ಐದು ದಿನ ಹಾಗೇ ನಡೆಯಿತು. ಈ ನಡುವೆ ಹೊಸ ಕೋಶಗಳನ್ನು ಎಬ್ಬಿಸಲು ಇನ್ನಿಬ್ಬರು ಪ್ರಯತ್ನಿಸಿ ಕೈಚೆಲ್ಲಿದ್ದರು, ನಿರ್ದೇಶಕಿಯ ಫೋನುಗಳು ಗಡಸಾಗಿದ್ದವು. ಆರನೆಯ ದಿನ ಬೆಳಗ್ಗೆ ಫಲಕದ ಮೇಲೆ ಅವಳು ಕೇಳಿದ ಚೀಟಿ ಇತ್ತು. ಮೂರೇ ಸಾಲು, ಕೆಳಗೆ ಸಹಿ. ಕ್ಷಮೆ ಎಂಬ ಪದ ಅದರಲ್ಲಿರಲಿಲ್ಲ. ಅವಳು ಓದಿ, ಕೈ ತೊಳೆದು, ಸ್ಪಿರಿಟ್ಟು ಹಚ್ಚಿಕೊಂಡು, ತಕ್ಕಡಿಯ ಮುಂದೆ ಹೋಗಿ ಕೂತಳು.

ವರ್ಷ ತುಂಬುವ ಮೊದಲೇ ಸಪಾಟು ಸಾರ್ ಇನ್ನೂ ದೊಡ್ಡ ಹುದ್ದೆಗೆ ಬೇರೆ ಕಡೆ ಹೋದರು. ಹೋಗುವಾಗ ಮಾಡಿದ ಭಾಷಣದಲ್ಲಿ, ಆಮ್ಲತೆಯ ಸಮಸ್ಯೆಯನ್ನು ತಂಡವಾಗಿ ಎದುರಿಸಿದ್ದನ್ನು ನೆನೆದರು. ಸಕ್ಕರೆಯಕ್ಕ ಚಪ್ಪಾಳೆ ತಟ್ಟಲಿಲ್ಲ. ಮನೆಯಲ್ಲಿ ಇದನ್ನು ಹೇಳಿದಾಗ ಗಂಡನಿಗೇ ಸಿಟ್ಟು ಬಂತು; ಅನ್ನ ಕಲಸುವ ಕೈ ನಿಲ್ಲಿಸಿ, “ನೀನು ಎದ್ದು ಹೇಳಬೇಕಿತ್ತು” ಅಂದ. ಅತ್ತೆ, “ಅಬ್ಬ, ಇವನಿಗೂ ಎಚ್ಚರ ಆಯ್ತು” ಎಂದು ಸೊಸೆಯ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಆಮೇಲೆ ಹೊಸದಾಗಿ ಸೇರುವವರಿಗೆಂದು ಒಂದು ಕೈಪಿಡಿ ಅಚ್ಚು ಮಾಡಿಸಿದರು. ಅದರಲ್ಲಿ ‘ದ್ರಾವಣದ ಪಿಎಚ್ ಐದು ಪಾಯಿಂಟ್ ಏಳು’ ಎಂದಷ್ಟೇ ಇತ್ತು, ಯಾಕೆ ಎಂದು ಇರಲಿಲ್ಲ. ಅದನ್ನು ನೋಡಿ ಅವಳ ತಲೆ ಕಾದುಹೋಯಿತು. ಕಾರಣ ಬರೆಯದಿದ್ದರೆ ನಾಳೆ ಇನ್ನೊಬ್ಬರು ಬಂದು ಮತ್ತೆ ಸಪಾಟು ಮಾಡಿ ಅಂತಾರೆ, ಕೋಶಗಳು ಮತ್ತೆ ಉಪವಾಸ ಸಾಯುತ್ತವೆ. ಒಂದು ಪುಟ ತಾನೇ ಬರೆದು ಕಛೇರಿಗೆ ಕೊಟ್ಟಳು. ಉತ್ತರ ಬರಲಿಲ್ಲ. ಎರಡನೆಯ ಸಲ ಕೊಟ್ಟಳು. ಭಾಷೆ ಸರಿಯಿಲ್ಲ ಎಂದು ವಾಪಸು ಬಂತು. ಅಳತೆಗಾರನ ಹತ್ತಿರ ಕೂತು ತಿದ್ದಿಸಿ ಮೂರನೆಯ ಸಲ ಕೊಟ್ಟಳು. ಮುಂದಿನ ಮುದ್ರಣದಲ್ಲಿ ನಲವತ್ತೊಂದನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ, ಅವಳ ಪುಟ ಬಂತು. ಬರೆದವರು ಯಾರು ಎಂದು ಹಾಕಿರಲಿಲ್ಲ.

ಕೈಪಿಡಿಯ ಅರವತ್ತು ಪ್ರತಿಗಳ ಕಟ್ಟು ದ್ರಾವಣ ಕೋಣೆಯ ಕಪಾಟಿಗೇ ಬಂದಿತ್ತು. ಊಟದ ಬಿಡುವಿನಲ್ಲಿ ಸಕ್ಕರೆಯಕ್ಕ ಬಾಗಿಲು ತೆರೆದಿಟ್ಟುಕೊಂಡೇ, ಯಾರಾದರೂ ನೋಡಲಿ ಎಂಬಂತೆ, ಕಟ್ಟು ಬಿಚ್ಚಿ ಮೇಜಿನ ಮೇಲೆ ಹರಡಿದಳು. ನಲವತ್ತೊಂದನೆಯ ಪುಟ ತೆಗೆದು, ನೀಲಿ ಪೆನ್ನಿನಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಮಸಿ ಒಣಗಲು ಊದಿ ಬದಿಗಿಟ್ಟು, ಮುಂದಿನ ಪ್ರತಿ ಎತ್ತಿಕೊಂಡಳು.